ಐದನೇ ಲೆವೆಲ್ ವಿಜರ್ಡ್, ಒಂಬತ್ತು ಸ್ಲಾಟ್, ಮೂರನೇ ಕೋಣೆಗೇ ಖಾಲಿ. ನಾನು ಎಲ್ಲಿ ಎಡವುತ್ತಿದ್ದೇನೆ?

ನೀಲಿಟೋಪಿ

ಎಲ್ಲರಿಗೂ ನಮಸ್ಕಾರ. ಮೊದಲ ಸಲ ವಿಜರ್ಡ್, ಅಂದರೆ ಮಂತ್ರವಾದಿಯ ಪಾತ್ರ, ಆಡುತ್ತಿದ್ದೇನೆ. ಇಷ್ಟು ದಿನ ಫೈಟರ್ ಆಡಿದವನು. ಕತ್ತಿ ಬೀಸು, ದಾಳ ಉರುಳಿಸು, ಮುಗೀತು. ಈಗ ನಮ್ಮದು ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡುವ ಆಟ) ಐದನೇ ಆವೃತ್ತಿ, 2014ರ ನಿಯಮ, ಎಲ್ಲರೂ ಐದನೇ ಲೆವೆಲ್. ಮಂತ್ರ ಹಾಕಿದರೆ ಒಂದು ಸ್ಲಾಟ್ ಖರ್ಚು, ನನಗಿರುವುದು ಒಂಬತ್ತು.

ಕಳೆದ ಆಟದಲ್ಲಿ ಆದದ್ದು ಹೀಗೆ. ಮೊದಲ ಕೋಣೆಯಲ್ಲಿ ಆರು ಗಾಬ್ಲಿನ್, ಕುಳ್ಳ ರಾಕ್ಷಸರು. ಮೂರು ಬಾಗಿಲ ಬಳಿ, ಮೂರು ದೂರದ ಮೂಲೆಯಲ್ಲಿ. ಎರಡೂ ಕಡೆಗೆ ಒಂದೊಂದು ಫೈರ್‌ಬಾಲ್ ಎಸೆದೆ. ಎಲ್ಲರೂ ಚಪ್ಪಾಳೆ ಹೊಡೆದರು. ಬೆಳಿಗ್ಗೆಯೇ ಮೇಜ್ ಆರ್ಮರ್ (ಕವಚದಂಥ ಮಂತ್ರ) ಹಾಕಿಕೊಂಡಿದ್ದೆ. ನಡುವೆ ಎರಡು ಸಲ ಏಟು ತಡೆಯುವ ಶೀಲ್ಡ್. ಒಂದು ಪೆಟ್ಟಿಗೆ ಸಿಕ್ಕಿತು, ಡಿಟೆಕ್ಟ್ ಮ್ಯಾಜಿಕ್ ಬಳಸಿದೆ. ನಮ್ಮ ರೋಗ್‌ಗೆ (ಕಳ್ಳನ ಪಾತ್ರ) ಕಣ್ಣಿಗೆ ಕಾಣದಂತೆ ಮಾಡುವ ಇನ್‌ವಿಸಿಬಿಲಿಟಿ ಕೊಟ್ಟೆ, ಅವನು ಅದಿಲ್ಲದೆಯೂ ನುಸುಳುತ್ತಿದ್ದ. ಒಂದು ಮಿಸ್ಟಿ ಸ್ಟೆಪ್, ಒಂದು ಸ್ಕಾರ್ಚಿಂಗ್ ರೇ. ಮೂರನೇ ಕೋಣೆಗೆ ಕಾಲಿಡುವಾಗ ಕೈ ಖಾಲಿ. ಆಮೇಲೆ ಎರಡು ಗಂಟೆ ಫೈರ್ ಬೋಲ್ಟ್, ಫೈರ್ ಬೋಲ್ಟ್, ಫೈರ್ ಬೋಲ್ಟ್.

ಇನ್ನೊಂದು ಗೊಂದಲ. ಪುಸ್ತಕದಲ್ಲಿ 14 ಮಂತ್ರ ಇವೆ. ತಯಾರು ಮಾಡಿಕೊಂಡದ್ದು 8. ಸ್ಲಾಟ್ 9. ಎಂಟು ಮಂತ್ರಕ್ಕೆ ಒಂಬತ್ತು ಸ್ಲಾಟ್ ಅಂದರೆ ಒಂದು ಸ್ಲಾಟ್ ಸುಮ್ನೆ ಉಳಿಯಬೇಕಲ್ವಾ? ಆಟ ನಡೆಸುವ ನಮ್ಮ ಡಿಎಂಗೂ ಸರಿಯಾಗಿ ಹೇಳಲು ಆಗಲಿಲ್ಲ.

ದಾಳದಯ್ಯ

ಮೂರು ಲೆಕ್ಕವನ್ನು ಒಂದೇ ಅಂದುಕೊಂಡಿದ್ದೀರಿ. ಬಿಡಿ, ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ.

ಪುಸ್ತಕದಲ್ಲಿರುವುದು ನೀವು ಕಲಿತದ್ದು. ಮೊದಲ ಲೆವೆಲ್‌ನಲ್ಲಿ ಆರು, ಆಮೇಲೆ ಪ್ರತಿ ಲೆವೆಲ್‌ಗೆ ಎರಡು. ಹಾಗಾಗಿ ಐದಕ್ಕೆ 14. ಅದರಲ್ಲಿ ಇವತ್ತು ತಲೆಯಲ್ಲಿ ಇಟ್ಟುಕೊಂಡು ಹೊರಡುವುದು ತಯಾರಾದ ಮಂತ್ರ. 2014ರ ನಿಯಮದಲ್ಲಿ ನಿಮ್ಮ ಲೆವೆಲ್‌ಗೆ ಬುದ್ಧಿಯ ಮಾಡಿಫೈಯರ್ ಕೂಡಿಸಬೇಕು. ನಿಮ್ಮ ಬುದ್ಧಿ 16 ಇರಬೇಕು, ಅದರ ಮಾಡಿಫೈಯರ್ ಮೂರು, ಐದಕ್ಕೆ ಮೂರು ಸೇರಿಸಿ ಎಂಟು. ಸರಿನಾ?

ಸ್ಲಾಟ್ ಬೇರೆಯೇ ವಿಷಯ. ಅದು ಶಕ್ತಿ ತುಂಬಿದ ಪಾತ್ರೆ ಅಂದುಕೊಳ್ಳಿ. ಐದನೇ ಲೆವೆಲ್‌ಗೆ ಚಿಕ್ಕದು (ಮೊದಲ ಲೆವೆಲ್ ಮಂತ್ರಕ್ಕೆ) ನಾಲ್ಕು, ಮಧ್ಯಮ (ಎರಡನೆಯದಕ್ಕೆ) ಮೂರು, ದೊಡ್ಡದು (ಮೂರನೆಯದಕ್ಕೆ) ಎರಡು. ಮಂತ್ರ ಹಾಕಿದಾಗ ಪಾತ್ರೆ ಬರಿದಾಗುತ್ತದೆ, ಮಂತ್ರ ತಲೆಯಲ್ಲೇ ಇರುತ್ತದೆ. ಒಂಬತ್ತು ಸ್ಲಾಟನ್ನೂ ಮ್ಯಾಜಿಕ್ ಮಿಸೈಲ್‌ಗೇ ಸುರಿದರೂ ಯಾರೂ ಕೇಳುವುದಿಲ್ಲ. ದೊಡ್ಡ ಸ್ಲಾಟ್‌ನಲ್ಲಿ ಹಾಕಿದರೆ ಮೂರರ ಬದಲು ಐದು ಬಾಣ ಹಾರುತ್ತವೆ, ಅಷ್ಟೇ. ತಿರುವುಮುರುವು ಮಾತ್ರ ಆಗುವುದಿಲ್ಲ. ಚಿಕ್ಕ ಸ್ಲಾಟ್‌ನಲ್ಲಿ ಫೈರ್‌ಬಾಲ್ ಹಿಡಿಸದು.

ಕ್ಯಾಂಟ್ರಿಪ್, ಅಂದರೆ ಫೈರ್ ಬೋಲ್ಟ್‌ನಂಥ ಪುಟ್ಟ ಮಂತ್ರ, ಈ ಯಾವ ಲೆಕ್ಕಕ್ಕೂ ಬರುವುದಿಲ್ಲ. ಎಷ್ಟು ಸಲ ಬೇಕಾದರೂ ಹಾಕಿ. ಫೈರ್ ಬೋಲ್ಟ್ ಅಂತ ಮೂಗು ಮುರಿಯಬೇಡಿ. ಐದನೇ ಲೆವೆಲ್‌ಗೆ ಹತ್ತು ಮುಖದ ಎರಡು ದಾಳ, ಸರಾಸರಿ 11. ಬಿಟ್ಟಿ ಸಿಗುವ ಹನ್ನೊಂದು.

ಹಳೆಹುಲಿ

ನೀಲಿಟೋಪಿಯವರ ಗೊಂದಲಕ್ಕೆ ಕಾರಣ ಇದೆ. ‘ತಯಾರು ಮಾಡುವುದು’ ಅನ್ನುವ ಮಾತೇ ಹಳೆಯ ಕಾಲದ ಉಳಿಕೆ. ಆಗ ಅವರು ಅಂದುಕೊಂಡ ಹಾಗೇ ಇತ್ತು. ಒಂದು ಸ್ಲಾಟ್ ಅಂದರೆ ಒಂದು ಮಂತ್ರ. ಎರಡು ಫೈರ್‌ಬಾಲ್ ಬೇಕಿದ್ದರೆ ಬೆಳಿಗ್ಗೆಯೇ ಎರಡು ಸಲ ಬಾಯಿಪಾಠ. ಹಾಕಿದ ಕೂಡಲೇ ತಲೆಯಿಂದ ಅಳಿಸಿ ಹೋಗುತ್ತಿತ್ತು.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಮೊದಲ ಡಿ ಅಂಡ್ ಡಿ ತಂದಾಗಿನಿಂದ ಈ ಬಾಯಿಪಾಠದ ದಾರಿ ನಡೆದುಬಂದಿದೆ. ಕಲ್ಪನೆ ಬಂದದ್ದು ಜ್ಯಾಕ್ ವ್ಯಾನ್ಸ್ ಎಂಬ ಕತೆಗಾರನಿಂದ. ಅವನ ಕತೆಗಳಲ್ಲಿ ಮಂತ್ರವಾದಿಯ ತಲೆಯಲ್ಲಿ ಕೆಲವೇ ಮಂತ್ರ ಹಿಡಿಸುತ್ತವೆ, ಬಳಸಿದರೆ ಮರೆತುಹೋಗುತ್ತವೆ. ಅದಕ್ಕೇ ಈ ಪದ್ಧತಿಗೆ ವ್ಯಾನ್ಸಿಯನ್ ಅನ್ನುತ್ತಾರೆ. ವೆಕ್ನಾ ಅನ್ನುವ ಖಳನ ಹೆಸರು ಕೂಡ ವ್ಯಾನ್ಸ್ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನೇ ಹಿಂದೆಮುಂದೆ ಮಾಡಿದ್ದು.

ಅಡ್ವಾನ್ಸ್ಡ್ ಡಿ ಅಂಡ್ ಡಿ ಮೊದಲ ಆವೃತ್ತಿಯಲ್ಲಿ ಮೊದಲ ಲೆವೆಲ್ ಮಂತ್ರವಾದಿಗೆ ದಿನಕ್ಕೆ ಒಂದೇ ಮಂತ್ರ. ಒಂದೇ! ಅದನ್ನು ಹಾಕಿದ ಮೇಲೆ ಚೂರಿ ಎಸೆದುಕೊಂಡು ಕೂರಬೇಕು. ಜೀವಕ್ಕೆ ನಾಲ್ಕು ಮುಖದ ದಾಳ. ಬೆಕ್ಕು ಪರಚಿದರೂ ಸತ್ತ ಅಂತ ತಮಾಷೆ ಮಾಡುತ್ತಿದ್ದೆವು. ಮಂತ್ರ ಮತ್ತೆ ಕಲಿಯಲು ಅದರ ಲೆವೆಲ್ ಒಂದಕ್ಕೆ 15 ನಿಮಿಷ. ಐದನೇ ಲೆವೆಲ್‌ನವನಿಗೆ ನಾಲ್ಕು ಚಿಕ್ಕವು, ಎರಡು ಎರಡನೆಯವು, ಒಂದು ಮೂರನೆಯದು. ಲೆಕ್ಕ ಹಾಕಿ: ಒಟ್ಟು 11 ಲೆವೆಲ್, ಎರಡೂ ಮುಕ್ಕಾಲು ಗಂಟೆ ಓದು. ನಿದ್ದೆ ಬೇರೆ. ನಿಮಗೆ ಒಂಬತ್ತು ಸ್ಲಾಟ್ ಸಾಲುತ್ತಿಲ್ಲ ಅಂದರೆ ನನಗೆ ನಗು ಬರುತ್ತದೆ, ತಪ್ಪು ತಿಳಿಯಬೇಡಿ.

ನೀಲಿಟೋಪಿ

ಹುಲಿಯಣ್ಣಾ, ನಕ್ಕಿದ್ದು ಸಾಕು. ಎರಡನೇ ಸಲ ಹಾಗಾಗದಂತೆ ಏನು ಮಾಡಲಿ ಹೇಳಿ.

ಲೆಕ್ಕದಕ್ಕ

ನಿಮ್ಮ ಪಟ್ಟಿಯನ್ನೇ ಹಿಡಿದು ಹೇಳುತ್ತೇನೆ.

ಮೇಜ್ ಆರ್ಮರ್ ಸರಿ. ಎಂಟು ಗಂಟೆ ಇರುತ್ತದೆ, ಒಂದು ಚಿಕ್ಕ ಸ್ಲಾಟ್‌ಗೆ ಇದಕ್ಕಿಂತ ಒಳ್ಳೆ ವ್ಯಾಪಾರ ಇಲ್ಲ. ಶೀಲ್ಡ್ ಕೂಡ ಸರಿ, ಆದರೆ ಅದು ಬೇಕಾಯಿತು ಅಂದರೆ ನೀವು ನಿಲ್ಲಬಾರದ ಕಡೆ ನಿಂತಿದ್ದಿರಿ ಅಂತ ಅರ್ಥ. ಎರಡು ಹೆಜ್ಜೆ ಹಿಂದೆ ನಿಲ್ಲುವುದಕ್ಕೆ ಸ್ಲಾಟ್ ಬೇಕಿಲ್ಲ.

ಡಿಟೆಕ್ಟ್ ಮ್ಯಾಜಿಕ್‌ಗೆ ಸ್ಲಾಟ್ ಕೊಟ್ಟದ್ದು ಶುದ್ಧ ನಷ್ಟ. ಅದು ರಿಚುಯಲ್ ಮಂತ್ರ. ಹತ್ತು ನಿಮಿಷ ಹೆಚ್ಚಿಗೆ ಕೂತು ಹಾಕಿದರೆ ಸ್ಲಾಟ್ ಖರ್ಚಾಗುವುದಿಲ್ಲ. ಅದರಲ್ಲೂ ವಿಜರ್ಡ್‌ಗೆ ಒಂದು ವಿಶೇಷ ಇದೆ: ಪುಸ್ತಕದಲ್ಲಿ ಇದ್ದರೆ ಸಾಕು, ತಯಾರು ಮಾಡಿಕೊಂಡಿರಬೇಕು ಅಂತಲೂ ಇಲ್ಲ. ಐಡೆಂಟಿಫೈ, ಕಾಂಪ್ರಿಹೆಂಡ್ ಲ್ಯಾಂಗ್ವೇಜಸ್, ಅಲಾರ್ಮ್, ಫೈಂಡ್ ಫೆಮಿಲಿಯರ್ ಎಲ್ಲ ಈ ಗುಂಪಿಗೆ ಸೇರಿದವು. ಇವನ್ನು ಆ ಎಂಟರೊಳಗೆ ತುರುಕಿದ್ದರೆ ಈಗಲೇ ತೆಗೆಯಿರಿ. ಜಾಗ ಬರುತ್ತದೆ.

ಇನ್ನು ಗಾಬ್ಲಿನ್. ಅದಕ್ಕೆ ಜೀವದ ಅಂಕ 7. ಫೈರ್‌ಬಾಲ್ ಆರು ಮುಖದ ಎಂಟು ದಾಳ, ಸರಾಸರಿ 28. ತಪ್ಪಿಸಿಕೊಂಡು ಅರ್ಧ ಪೆಟ್ಟು ತಿಂದರೂ 14, ಆಗಲೂ ಸಾಯುತ್ತದೆ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಅಂದರೆ ಇದೇ. 2014ರ ಸ್ಲೀಪ್ ಮಂತ್ರ ಎಂಟು ಮುಖದ ಐದು ದಾಳ ಉರುಳಿಸಿ ಅಷ್ಟು ಜೀವದವರನ್ನು ಮಲಗಿಸುತ್ತದೆ. ಸರಾಸರಿ 22ರ ಮೇಲೆ. ಮೂರು ಗಾಬ್ಲಿನ್‌ಗೆ 21. ಬಾಗಿಲ ಬಳಿಯ ಮೂವರು ಒಂದು ಚಿಕ್ಕ ಸ್ಲಾಟ್‌ಗೆ ಗೊರಕೆ ಹೊಡೆಯುತ್ತಿದ್ದರು. ಮೂಲೆಯವರನ್ನು ಫೈಟರ್ ನೋಡಿಕೊಳ್ಳುತ್ತಿದ್ದ, ಅವನಿಗೂ ಕೆಲಸ ಬೇಡವೇ?

ಕೊನೆಯದಾಗಿ ಆರ್ಕೇನ್ ರಿಕವರಿ. ನಿಮ್ಮ ಬರಹದಲ್ಲಿ ಅದರ ಹೆಸರೇ ಇಲ್ಲ. ಬಳಸಿದಿರಾ?

ನೀಲಿಟೋಪಿ

ಅಕ್ಕಾ, ಅದು ಏನು?

ಲೆಕ್ಕದಕ್ಕ

ಅಂದುಕೊಂಡೆ.

ಮೊದಲ ಲೆವೆಲ್‌ನಿಂದಲೇ ಇದೆ ಅದು. ದಿನಕ್ಕೊಮ್ಮೆ, ಶಾರ್ಟ್ ರೆಸ್ಟ್ (ಒಂದು ಗಂಟೆಯ ವಿಶ್ರಾಂತಿ) ಮುಗಿಸಿದಾಗ, ಖಾಲಿಯಾದ ಕೆಲವು ಸ್ಲಾಟ್ ವಾಪಸ್ ಬರುತ್ತವೆ. ಎಷ್ಟು ಅಂದರೆ ನಿಮ್ಮ ಲೆವೆಲ್‌ನ ಅರ್ಧ, ಅರೆ ಉಳಿದರೆ ಮೇಲಕ್ಕೆ. ಐದಕ್ಕೆ ಮೂರು. ಆ ಮೂರನ್ನು ಹೇಗೆ ಬೇಕಾದರೂ ಒಡೆಯಬಹುದು: ದೊಡ್ಡದೊಂದು, ಅಥವಾ ಮಧ್ಯಮ ಒಂದು ಚಿಕ್ಕದೊಂದು, ಅಥವಾ ಚಿಕ್ಕದು ಮೂರು. ಆರನೇ ಲೆವೆಲ್ ಮತ್ತು ಮೇಲಿನ ಸ್ಲಾಟ್ ಮಾತ್ರ ಹೀಗೆ ಬರುವುದಿಲ್ಲ. ಅಂದರೆ ಅವತ್ತು ಮೂರನೇ ಕೋಣೆಯ ಮುಂದೆ ಒಂದು ಗಂಟೆ ಕೂತಿದ್ದರೆ ಇನ್ನೊಂದು ಫೈರ್‌ಬಾಲ್ ನಿಮ್ಮ ಕೈಯಲ್ಲಿತ್ತು.

ಬಿಂದುಪ್ರಿಯ

ಇಷ್ಟೆಲ್ಲ ವಿವರಣೆ ಬೇಕಾಗುತ್ತದೆ ಅಂದರೆ ಪದ್ಧತಿಯಲ್ಲೇ ಏನೋ ಎಡವಟ್ಟಿದೆ ಅಂತ ನನ್ನ ಅನಿಸಿಕೆ. ಚಿಕ್ಕ ಸ್ಲಾಟ್ ನಾಲ್ಕು ಉಳಿದಿದೆ, ಆದರೂ ಫೈರ್‌ಬಾಲ್ ಹಾಕಲು ಆಗುವುದಿಲ್ಲ. ಯಾಕೆ? ಜೇಬಲ್ಲಿ ಚಿಲ್ಲರೆ ತುಂಬಿದೆ, ನೋಟು ಇಲ್ಲ ಅಂತ ಅಂಗಡಿಯವನು ವಾಪಸ್ ಕಳಿಸಿದ ಹಾಗೆ.

2014ರ ಡಿಎಂ ಕೈಪಿಡಿಯಲ್ಲೇ ಬದಲಿ ನಿಯಮ ಇದೆ, ಸ್ಪೆಲ್ ಪಾಯಿಂಟ್. ಮೊದಲ ಲೆವೆಲ್ ಮಂತ್ರಕ್ಕೆ 2 ಪಾಯಿಂಟ್, ಎರಡಕ್ಕೆ 3, ಮೂರಕ್ಕೆ 5, ಹೀಗೆ ಒಂಬತ್ತನೆಯದಕ್ಕೆ 13. ಐದನೇ ಲೆವೆಲ್ ವಿಜರ್ಡ್‌ಗೆ ಒಟ್ಟು 27. ಒಂದೇ ಹುಂಡಿ, ಒಂದೇ ಸಂಖ್ಯೆ. ಹೊಸಬರಿಗೆ ಎರಡು ನಿಮಿಷದಲ್ಲಿ ಅರ್ಥ ಆಗುತ್ತದೆ.

ದಾಳದಯ್ಯ

ಆ 27 ಎಲ್ಲಿಂದ ಬಂತು ನೋಡಿ. ನಾಲ್ಕು ಎರಡಲ ಎಂಟು, ಮೂರು ಮೂರಲ ಒಂಬತ್ತು, ಎರಡು ಐದಲ ಹತ್ತು. ಅದೇ ಸ್ಲಾಟ್, ಕರಗಿಸಿ ಒಂದೇ ಪಾತ್ರೆಗೆ ಹೊಯ್ದದ್ದು. ಆದರೆ ಈಗ ಆ ಪಾತ್ರೆಯಿಂದ ಐದು ಫೈರ್‌ಬಾಲ್ ಬರುತ್ತವೆ, ಎರಡು ಪಾಯಿಂಟ್ ಮಿಗುತ್ತದೆ. ಎರಡು ಇದ್ದ ಕಡೆ ಐದು! ಹೀಗಾದರೆ ಸ್ಲೀಪ್, ವೆಬ್, ಗ್ರೀಸ್‌ನಂಥ ಸಣ್ಣ ಮಂತ್ರಗಳನ್ನೆಲ್ಲ ಯಾರು ಮುಟ್ಟುತ್ತಾರೆ? ಬರೆದವರಿಗೂ ಈ ಭಯ ಇತ್ತು. ಅದಕ್ಕೇ ಆರನೇ ಲೆವೆಲ್‌ನಿಂದ ಮೇಲೆ ಪ್ರತಿ ಲೆವೆಲ್‌ನ ಸ್ಲಾಟ್ ಲಾಂಗ್ ರೆಸ್ಟ್‌ಗೆ (ರಾತ್ರಿಯ ನಿದ್ದೆಗೆ) ಒಂದೇ ಸಲ ಅಂತ ಬೇಲಿ ಹಾಕಿದ್ದಾರೆ. ಕೆಳಗೆ ಬೇಲಿ ಇಲ್ಲ.

ಇನ್ನೊಂದು. ಸ್ಲಾಟ್ ಮುರಿದು ಪಾಯಿಂಟ್ ಮಾಡುವುದು, ಪಾಯಿಂಟ್ ಕೂಡಿಸಿ ಸ್ಲಾಟ್ ಮಾಡುವುದು, ಇದು ಸಾರ್ಸರರ್ ಎಂಬ ಇನ್ನೊಂದು ಮಂತ್ರವಾದಿ ಪಾತ್ರದ ಸ್ವಂತ ಆಸ್ತಿ. ವಿಜರ್ಡ್‌ಗೂ ಅದನ್ನು ಪುಕ್ಕಟೆ ಕೊಟ್ಟರೆ ಆ ಪಾಪದವನು ಏನು ಮಾಡಬೇಕು?

ಬಿಂದುಪ್ರಿಯ

ಐದು ಫೈರ್‌ಬಾಲ್ ಹಾಕಿದವನ ಬಳಿ ಒಂದೇ ಒಂದು ಶೀಲ್ಡ್‌ಗಷ್ಟೇ ಪಾಯಿಂಟ್ ಉಳಿಯುತ್ತದೆ. ಅದು ಅವನ ಹಣೆಬರಹ. ಸಾರ್ಸರರ್ ವಿಷಯ ಒಪ್ಪಿದೆ, ಅದಕ್ಕೆ ನನ್ನ ಬಳಿ ಉತ್ತರ ಇಲ್ಲ.

ಆದರೆ ಡಿ ಅಂಡ್ ಡಿ ಒಂದನ್ನೇ ನೋಡಬೇಡಿ. 1975ರಲ್ಲೇ ಟನಲ್ಸ್ ಅಂಡ್ ಟ್ರೋಲ್ಸ್ ಬಂತು. ಅದರಲ್ಲಿ ಮಂತ್ರ ಹಾಕಿದರೆ ಮೈಯ ಬಲವೇ ಇಳಿಯುತ್ತದೆ. ಗರ್ಪ್ಸ್‌ನಲ್ಲಿ ದಣಿವಿನ ಪಾಯಿಂಟ್, ಆ ಮಂತ್ರದಲ್ಲಿ ಕೈ ಪಳಗಿದ ಹಾಗೆ ಖರ್ಚು ಕಡಿಮೆಯಾಗುತ್ತದೆ. ನನಗೆ ಇದು ತುಂಬಾ ಇಷ್ಟ. ಶ್ಯಾಡೋರನ್‌ನಲ್ಲಿ ಹುಂಡಿಯೇ ಇಲ್ಲ. ಎಷ್ಟು ಬೇಕಾದರೂ ಹಾಕು, ಪ್ರತಿ ಸಲ ಅದರ ಹೊಡೆತ ನಿನಗೇ ತಿರುಗಿ ಬರುತ್ತದೆ, ದಾಳ ಉರುಳಿಸಿ ತಡೆದುಕೋ. ದಣಿದವನು ಮೂರ್ಛೆ ಹೋಗುತ್ತಾನೆ. ಮಂತ್ರ ಅಂದರೆ ಹಾಗಿರಬೇಕು. ಬ್ಯಾಂಕಿನ ಪಾಸ್‌ಬುಕ್ ಥರ ಅಲ್ಲ.

ಹಳೆಹುಲಿ

ಅಪಾಯದ ಮಾತು ಬಂದರೆ ಡಂಜನ್ ಕ್ರಾಲ್ ಕ್ಲಾಸಿಕ್ಸ್ ನೋಡಿ. ಪ್ರತಿ ಮಂತ್ರಕ್ಕೂ ಇಪ್ಪತ್ತು ಮುಖದ ದಾಳ. ಚೆನ್ನಾಗಿ ಬಿದ್ದರೆ ಮಂತ್ರ ಉಳಿಯುತ್ತದೆ, ಮತ್ತೆ ಹಾಕಬಹುದು. ಕೆಟ್ಟದಾಗಿ ಬಿದ್ದರೆ ಆ ದಿನಕ್ಕೆ ಹೋಯಿತು. ಒಂದು ಬಿದ್ದರೆ ಮೈ ವಿಕಾರವಾಗಲೂಬಹುದು. ಹೆಚ್ಚು ಅಂಕ ಬೇಕೇ? ನಿನ್ನ ಬಲವನ್ನೋ ಚುರುಕನ್ನೋ ತಾಳಿಕೆಯನ್ನೋ ಸುಡು. ನನ್ನ ಒಬ್ಬ ಮಂತ್ರವಾದಿ ಒಂದು ಸೇತುವೆ ಉಳಿಸಲು ಹೋಗಿ ಎದ್ದು ನಿಲ್ಲಲಾಗದ ಸ್ಥಿತಿಗೆ ಬಂದ. ಆ ಆಟ ಇವತ್ತಿಗೂ ನೆನಪಿದೆ. ಐದನೇ ಆವೃತ್ತಿಯಲ್ಲಿ ಯಾವ ಸ್ಲಾಟ್ ಎಲ್ಲಿ ಖರ್ಚು ಮಾಡಿದೆ ಅಂತ ಒಂದೂ ನೆನಪಿಲ್ಲ.

2023ರ ಶ್ಯಾಡೋಡಾರ್ಕ್ ಕೂಡ ಹತ್ತಿರಹತ್ತಿರ ಇದೇ ದಾರಿ, ತುಂಬಾ ಸರಳ. ತಪ್ಪಿದರೆ ರೆಸ್ಟ್ ಮಾಡುವ ತನಕ ಆ ಮಂತ್ರ ಇಲ್ಲ.

ಪರದೆಹಿಂದೆ

ಹತ್ತು ವರ್ಷದಿಂದ ಡಿಎಂ ಆಗಿ ಕೂರುತ್ತಿದ್ದೇನೆ. ಒಂದು ಮಾತು ಹೇಳಲೇಬೇಕು. ಸ್ಲಾಟೋ ಪಾಯಿಂಟೋ ಅಂತ ನೀವು ಜಗಳ ಆಡುತ್ತಿದ್ದೀರಿ, ಆದರೆ ಎಲ್ಲಕ್ಕೂ ಬೆಲೆ ಕಟ್ಟುವುದು ರೆಸ್ಟ್. ಒಂಬತ್ತು ಸ್ಲಾಟ್ ಜಾಸ್ತಿಯೋ ಕಡಿಮೆಯೋ ಅನ್ನುವುದು ಎರಡು ನಿದ್ದೆಗಳ ನಡುವೆ ಎಷ್ಟು ಕಾಳಗ ಇದೆ ಅನ್ನುವುದರ ಮೇಲೆ.

2014ರ ಕೈಪಿಡಿ ದಿನಕ್ಕೆ ಆರರಿಂದ ಎಂಟು ಮಧ್ಯಮ ಅಥವಾ ಕಠಿಣ ಕಾಳಗ, ನಡುವೆ ಸುಮಾರು ಎರಡು ಶಾರ್ಟ್ ರೆಸ್ಟ್ ಅಂತ ಅಂದಾಜು ಹಾಕಿದೆ. ನಿಜ ಹೇಳಿ, ಯಾರ ಮೇಜಿನಲ್ಲಿ ಆರು ಕಾಳಗ ನಡೆಯುತ್ತದೆ? ನನ್ನದರಲ್ಲಿ ಒಂದು, ಹೆಚ್ಚೆಂದರೆ ಎರಡು. ಒಂದೇ ಕಾಳಗ ಅಂತ ಗೊತ್ತಾದ ಕೂಡಲೇ ವಿಜರ್ಡ್ ಇದ್ದಬದ್ದದ್ದನ್ನೆಲ್ಲ ಮೊದಲ ಮೂರು ಸುತ್ತಿನಲ್ಲಿ ಸುರಿದು, ‘ಮಲಗೋಣ’ ಅನ್ನುತ್ತಾನೆ. ಶಾರ್ಟ್ ರೆಸ್ಟ್ ನಂಬಿಕೊಂಡ ವಾರ್ಲಾಕ್ (ಮತ್ತೊಂದು ಮಂತ್ರವಾದಿ ಪಾತ್ರ) ಮುಖ ನೋಡುತ್ತಾ ಕೂರುತ್ತಾನೆ.

ನಾನು ಮಾಡಿದ ತಪ್ಪು ಹೇಳುತ್ತೇನೆ. ಇದನ್ನು ತಡೆಯಲು ಮಲಗಿದಾಗಲೆಲ್ಲ ರಾತ್ರಿ ದಾಳಿ ಮಾಡಿಸುತ್ತಿದ್ದೆ. ಮೂರನೇ ಸಲಕ್ಕೆ ಹುಡುಗರು ಸಿಟ್ಟಾದರು. ನ್ಯಾಯ ಅವರ ಕಡೆಗೇ ಇತ್ತು. ಮೇಲಾಗಿ ನಮ್ಮ ವಿಜರ್ಡ್ ಲಿಯೋಮುಂಡ್‌ನ ಟೈನಿ ಹಟ್ ಕಲಿತ. ಅದೂ ರಿಚುಯಲ್. ಸ್ಲಾಟ್ ಖರ್ಚಿಲ್ಲದೆ ಎಂಟು ಗಂಟೆಯ ಗುಮ್ಮಟ, ಒಳಗೆ ಎಲ್ಲರೂ ಹಾಯಾಗಿ ಮಲಗಿದರು. ನನ್ನ ಓರ್ಕ್‌ಗಳು ಹೊರಗೆ ನಿಂತು ಆಕಳಿಸಿದವು.

ಈಗ ಬೇರೆ ದಾರಿ ಹಿಡಿದಿದ್ದೇನೆ. ರೆಸ್ಟ್‌ಗೆ ಅಡ್ಡಿ ಇಲ್ಲ, ಆದರೆ ಕತೆ ಕಾಯುವುದಿಲ್ಲ. ಸೆರೆಯಾಳನ್ನು ನಾಳೆ ಬೆಳಿಗ್ಗೆ ಸಾಗಿಸುತ್ತಾರೆ, ಮಲಗುತ್ತೀರಾ? ಮಲಗಿ. ಇನ್ನೊಂದು ಕತೆಯಲ್ಲಿ ಕೈಪಿಡಿಯ ಬದಲಿ ನಿಯಮವನ್ನೇ ತಂದೆ: ಶಾರ್ಟ್ ರೆಸ್ಟ್ ಎಂಟು ಗಂಟೆ, ಲಾಂಗ್ ರೆಸ್ಟ್ ಏಳು ದಿನ. ವಿಜರ್ಡ್ ಆಡುವವನು ಎರಡು ವಾರ ಗೊಣಗಿದ. ಆಮೇಲೆ ಫೈರ್‌ಬಾಲ್ ಎತ್ತುವ ಮೊದಲು ಎಲ್ಲರ ಮುಖ ನೋಡಿ ‘ಹಾಕಲಾ?’ ಅಂತ ಕೇಳಲು ಶುರು ಮಾಡಿದ. ಹಾಗೆ ಕೇಳಿದ್ದು ಅದೇ ಮೊದಲು.

ಬಿಂದುಪ್ರಿಯ

ಏಳು ದಿನ ಅಂದರೆ ಮೇಜ್ ಆರ್ಮರ್ ಎಂಟು ಗಂಟೆಗೇ ಮುಗಿಯುತ್ತದಲ್ಲ? ಪ್ರತಿದಿನ ಒಂದು ಸ್ಲಾಟ್ ಅದಕ್ಕೇ ಹೋದರೆ ಬದುಕುವುದು ಹೇಗೆ?

ಪರದೆಹಿಂದೆ

ಅದೇ ನಮಗೂ ತಲೆನೋವಾಯಿತು. ಗಂಟೆಗಟ್ಟಲೆ ನಿಲ್ಲುವ ಮಂತ್ರಗಳ ಅವಧಿಯನ್ನೂ ಹಿಗ್ಗಿಸಿದೆವು. ಪುಸ್ತಕದಲ್ಲಿ ಹಾಗಿಲ್ಲ, ನಮ್ಮ ಮನೆನಿಯಮ.

ಹಳೆಹುಲಿ

ಈ ರೆಸ್ಟ್ ಜಗಳವನ್ನು 2008ರ ನಾಲ್ಕನೇ ಆವೃತ್ತಿ ಮುಗಿಸಲು ನೋಡಿತ್ತು. ಯಾವಾಗ ಬೇಕಾದರೂ ಹಾಕುವುದು, ಕಾಳಗಕ್ಕೊಮ್ಮೆ, ದಿನಕ್ಕೊಮ್ಮೆ, ಹೀಗೆ ಬೇರೆಬೇರೆ ಗುಂಪು. ಫೈಟರ್‌ಗೂ ಅದೇ, ವಿಜರ್ಡ್‌ಗೂ ಅದೇ. ತೂಕ ಸರಿಯಾಗಿತ್ತು. ಜನ ‘ಎಲ್ಲರೂ ಒಂದೇ ಥರ ಆದರು’ ಅಂತ ಬೈದರು. ನಾನೂ ಬೈದೆ. ಈಗ ಯೋಚಿಸಿದರೆ ಸ್ವಲ್ಪ ಅನ್ಯಾಯ ಮಾಡಿದೆ ಅನಿಸುತ್ತದೆ. ಇವತ್ತು ಎಲ್ಲರೂ ಆನಂದದಿಂದ ಹಾಕುವ ಮುಗಿಯದ ಕ್ಯಾಂಟ್ರಿಪ್ ಇದೆಯಲ್ಲ, ಮೂರನೇ ಆವೃತ್ತಿಯಲ್ಲಿ ಅದಕ್ಕೂ ದಿನಕ್ಕೆ ಮೂರೋ ನಾಲ್ಕೋ ಅಂತ ಮಿತಿ ಇತ್ತು.

ದಾಳದಯ್ಯ

ನೀಲಿಟೋಪಿ, ನಿಮ್ಮ ಗುಂಪು ಮುಂದೆ 2024ರ ನಿಯಮಕ್ಕೆ ಹೋದರೆ ಕೆಲವು ಬದಲಾವಣೆ ಇವೆ. ತಯಾರು ಮಾಡುವ ಸಂಖ್ಯೆಗೆ ಬುದ್ಧಿಯ ಲೆಕ್ಕ ಬೇಡ, ಕೋಷ್ಟಕದಲ್ಲೇ ಇದೆ, ಐದನೇ ಲೆವೆಲ್‌ಗೆ 9. ಐದರಲ್ಲೇ ಹೊಸದೊಂದು ಸಿಗುತ್ತದೆ: ಶಾರ್ಟ್ ರೆಸ್ಟ್ ಮುಗಿದಾಗ ತಯಾರಾದ ಒಂದು ಮಂತ್ರವನ್ನು ಪುಸ್ತಕದ ಇನ್ನೊಂದಕ್ಕೆ ಬದಲಾಯಿಸಬಹುದು. ಬೆಳಿಗ್ಗೆ ತಪ್ಪು ಆಯ್ಕೆ ಮಾಡಿದವನಿಗೆ ದೊಡ್ಡ ಉಪಕಾರ. ನಿಮ್ಮ ಎದುರಾಳಿ ಕೌಂಟರ್‌ಸ್ಪೆಲ್‌ನಿಂದ ನಿಮ್ಮ ಮಂತ್ರ ಮುರಿದರೆ ಸ್ಲಾಟ್ ನಿಮ್ಮ ಬಳಿಯೇ ಉಳಿಯುತ್ತದೆ. ಲೆಕ್ಕದಕ್ಕ ಹೇಳಿದ ಸ್ಲೀಪ್ ಮಾತ್ರ ಪೂರ್ತಿ ಬದಲಾಗಿದೆ. ದಾಳದ ಲೆಕ್ಕ ಹೋಗಿ ಸೇವಿಂಗ್ ಥ್ರೋ (ತಪ್ಪಿಸಿಕೊಳ್ಳಲು ಎದುರಾಳಿ ಉರುಳಿಸುವ ದಾಳ) ಬಂದಿದೆ.

ಲೆಕ್ಕದಕ್ಕ

ಹೌದು, ಅದನ್ನು ನೋಡಿ ನನಗೆ ಬೇಜಾರಾಯಿತು.

ಅಂದಹಾಗೆ, ಸ್ಲಾಟ್ ಬಿಟ್ಟು ವಿಜರ್ಡ್‌ಗೆ ಇನ್ನೊಂದು ಖರ್ಚಿದೆ, ಯಾರೂ ಎತ್ತಲಿಲ್ಲ. ಪುಸ್ತಕ! ಎಲ್ಲೋ ಸಿಕ್ಕ ಹೊಸ ಮಂತ್ರವನ್ನು ಬರೆದುಕೊಳ್ಳಲು ಅದರ ಲೆವೆಲ್ ಒಂದಕ್ಕೆ ಎರಡು ಗಂಟೆ, 50 ಚಿನ್ನದ ನಾಣ್ಯ. ಮೂರನೇ ಲೆವೆಲ್‌ನದಾದರೆ ಆರು ಗಂಟೆ, 150 ನಾಣ್ಯ. ಗುಂಪಿಗೆ ಬಂದ ಹಣ ಹಂಚುವಾಗ ಈ ಮಾತನ್ನು ಮೊದಲೇ ಎತ್ತಿಡಿ. ಆಮೇಲೆ ಕೇಳಿದರೆ ಫೈಟರ್ ಆಗಲೇ ಹೊಸ ಕವಚ ಕೊಂಡಿರುತ್ತಾನೆ.

ಪುಸ್ತಕಕ್ಕೆ ಒಂದು ನಕಲು ಮಾಡಿಸಿಡಿ. ನಿಮ್ಮದೇ ಮಂತ್ರ ನಕಲಿಸಲು ಲೆವೆಲ್ ಒಂದಕ್ಕೆ ಒಂದು ಗಂಟೆ, 10 ನಾಣ್ಯ. ನಿಮ್ಮ 14ರಲ್ಲಿ ಮೊದಲ ಲೆವೆಲ್‌ನವು ಎಂಟು, ಎರಡನೆಯವು ನಾಲ್ಕು, ಮೂರನೆಯವು ಎರಡು ಅಂತ ಹಿಡಿದರೆ ಒಟ್ಟು 22 ಗಂಟೆ, 220 ನಾಣ್ಯ. ನಕಲಿಲ್ಲದೆ ಪುಸ್ತಕ ನದಿಗೆ ಬಿದ್ದರೆ ಆ ಹೊತ್ತಿಗೆ ತಲೆಯಲ್ಲಿರುವ ಎಂಟನ್ನು ಮಾತ್ರ ಮತ್ತೆ ಬರೆಯಬಹುದು. ಉಳಿದ ಆರು ನೀರುಪಾಲು. ರಿಚುಯಲ್‌ಗಳೇ ಆ ಆರರಲ್ಲಿರುತ್ತವೆ, ಅದು ಜಾಸ್ತಿ ನೋವು.

ನೀಲಿಟೋಪಿ

ಎರಡು ವಾರ ಬಿಟ್ಟು ವರದಿ ಒಪ್ಪಿಸಲು ಬಂದೆ.

ಡಿಟೆಕ್ಟ್ ಮ್ಯಾಜಿಕ್ ಮತ್ತು ಐಡೆಂಟಿಫೈ ಎಂಟರಿಂದ ತೆಗೆದು ಸ್ಲೀಪ್, ವೆಬ್ ಹಾಕಿಕೊಂಡೆ. ಮೊದಲ ಕಾಳಗ ಕಳ್ಳರ ಗುಂಪು. ಒಂದು ವೆಬ್ (ಬಲೆಯಲ್ಲಿ ಸಿಕ್ಕಿಸುವ ಮಂತ್ರ), ಅದನ್ನೇ ಗಮನದಲ್ಲಿ ಹಿಡಿದುಕೊಂಡು ಉಳಿದಷ್ಟೂ ಸುತ್ತು ಫೈರ್ ಬೋಲ್ಟ್. ಒಂದೇ ಮಧ್ಯಮ ಸ್ಲಾಟ್‌ಗೆ ಕಾಳಗ ಮುಗಿಯಿತು. ಹಿಂದೆ ನಿಂತಿದ್ದೆ, ಶೀಲ್ಡ್ ಬೇಕಾಗಲೇ ಇಲ್ಲ. ಎರಡನೇ ಕಾಳಗದಲ್ಲಿ ಒಂದು ಫೈರ್‌ಬಾಲ್. ಈ ಸಲ ಏಳು ಓರ್ಕ್ ಒಟ್ಟಿಗೆ ನಿಂತಿದ್ದವು, ಅಕ್ಕ ಒಪ್ಪುತ್ತಾರೆ ಅಂದುಕೊಂಡೆ. ಆಮೇಲೆ ಒಂದು ಗಂಟೆ ಕೂತು ಆರ್ಕೇನ್ ರಿಕವರಿಯಲ್ಲಿ ಆ ದೊಡ್ಡ ಸ್ಲಾಟ್ ವಾಪಸ್ ತಂದುಕೊಂಡೆ. ಡಿಎಂ ಮುಖ ನೋಡಬೇಕಿತ್ತು.

ಕೊನೆಯ ಕೋಣೆಗೆ ಹೋಗುವಾಗ ದೊಡ್ಡದು ಎರಡೂ ಇತ್ತು. ಎದುರಿಗೆ ಒಬ್ಬ ಕಪ್ಪು ಅಂಗಿಯ ಮಂತ್ರವಾದಿ, ಸುತ್ತ ನಾಲ್ಕು ಜನ ಕಾವಲು. ಇದಕ್ಕಾಗಿಯೇ ಉಳಿಸಿದ್ದು ಅಂತ ಎದ್ದು ನಿಂತು ಫೈರ್‌ಬಾಲ್ ಅಂದೆ. ಅವನು ಕೈ ಎತ್ತಿ ಕೌಂಟರ್‌ಸ್ಪೆಲ್ ಅಂದ. ಮುಂದಿನ ಸುತ್ತು ಮತ್ತೆ ಫೈರ್‌ಬಾಲ್ ಅಂದೆ. ಮತ್ತೆ ಕೌಂಟರ್‌ಸ್ಪೆಲ್.

ನಮ್ಮದು 2014. ಎರಡೂ ಸ್ಲಾಟ್ ಹೋದವು, ಅಲ್ವಾ?

ದಾಳದಯ್ಯ

ಹೋದವು.

ಲೆಕ್ಕದಕ್ಕ

ಅವನದೂ ಎರಡು ಹೋದವಲ್ಲ! ಅದೂ ಮೂರನೇ ಲೆವೆಲ್ ಮಂತ್ರವೇ. ಅವನ ಎರಡು ದೊಡ್ಡ ಸ್ಲಾಟ್ ನಿಮ್ಮ ಗೆಳೆಯರ ತಲೆಯ ಮೇಲೆ ಬೀಳುವುದು ತಪ್ಪಿತು. ಆಮೇಲೆ ಏನಾಯಿತು?

ನೀಲಿಟೋಪಿ

ಫೈಟರ್ ಓಡಿಹೋಗಿ ಅವನನ್ನು ಕೆಡವಿದ. ಈಗ ಗುಂಪಿನಲ್ಲಿ ಅವನದೇ ಮಾತು. ಆದರೆ ಆ ಮಂತ್ರವಾದಿಯ ಪುಸ್ತಕ ನನ್ನ ಕೈಗೆ ಸಿಕ್ಕಿದೆ, ಒಳಗೆ ಕೌಂಟರ್‌ಸ್ಪೆಲ್ ಇದೆ. ಆರು ಗಂಟೆ, 150 ನಾಣ್ಯ. ನನ್ನ ಬಳಿ 90 ಇದೆ. ಉಳಿದದ್ದನ್ನು ಫೈಟರ್ ಹತ್ತಿರ ಹೇಗೆ ಕೇಳಲಿ ಅಂತ ಯಾರಾದರೂ ಹೇಳಿಕೊಡಿ.